ಬಸ್ಸು ಕೆಳಗೆ, ಊರು ಮೇಲೆ: ಟಸ್ಕನಿಯ ಗುಡ್ಡದೂರುಗಳಿಗೆ ಒಂದು ದಿನದ ಟೂರ್

ಸಿಯೆನಾದಲ್ಲಿ ಬಸ್ಸಿಳಿದು ಕಾಲು ಗಂಟೆ ನಡೆದಿದ್ದೆವು ಅಷ್ಟೇ. ನಮ್ಮ ಅತ್ತೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬಸ್ ಟೂರ್ ಅಂದಿದ್ದೆ ಅಲ್ವೇನೇ? ಇದು ನೋಡಿದ್ರೆ ಪಾದಯಾತ್ರೆ!" ಅಂದರು.

ತಪ್ಪು ನನ್ನದೇ. ಟೂರಿನ ವಿವರದಲ್ಲಿ ನಾಲ್ಕು ಊರು, ಒಂದು ಊಟ, ಎಸಿ ಬಸ್ಸು ಅಂತಿತ್ತು. ಅಷ್ಟನ್ನೇ ಓದಿ ದುಡ್ಡು ಕಟ್ಟಿದ್ದೆ. ಇಟಲಿಯ ಟಸ್ಕನಿ ಪ್ರಾಂತ್ಯದ ಈ ಹಳೆಯ ಊರುಗಳು ಗುಡ್ಡದ ನೆತ್ತಿಯ ಮೇಲಿವೆ. ಬಸ್ಸು ಕೋಟೆ ಗೋಡೆಯ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಾಲೇ ಗತಿ. ಇದೊಂದು ವಿಷಯ ಮೊದಲೇ ಗೊತ್ತಿದ್ದರೆ ಯಾವ ಟೂರ್ ತಗೋಬೇಕು, ಯಾವ ಶೂ ಹಾಕಬೇಕು, ಯಾವ ಗೋಪುರ ಬಿಡಬೇಕು ಎಲ್ಲ ತಾನಾಗಿಯೇ ತಿಳಿಯುತ್ತದೆ. ಫ್ಲಾರೆನ್ಸಿನಿಂದ ಹೊರಟು ಸಂಜೆ ಅಲ್ಲಿಗೇ ಮರಳುವ ಟೂರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ಊರು ಎಷ್ಟು ಅಂತಲ್ಲ, ಕಾಲು ನೆಲಕ್ಕೆ ತಾಗುವ ಹೊತ್ತು ಎಷ್ಟು ಅಂತ ಲೆಕ್ಕ ಹಾಕಿ

ಜಾಸ್ತಿ ಮಾರಾಟವಾಗುವ ಟೂರಿನಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೊ, ಕಿಯಾಂತಿಯ ಒಂದು ದ್ರಾಕ್ಷಿ ತೋಟದಲ್ಲಿ ಊಟ, ಕೊನೆಗೆ ಪೀಸಾ ಇರುತ್ತವೆ. ಒಟ್ಟು ಸುಮಾರು 12 ಗಂಟೆ. ಕೇಳುವುದಕ್ಕೆ ಚೆನ್ನಾಗಿದೆ. ಈಗ ಲೆಕ್ಕ ನೋಡಿ. ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಒಂದೂಕಾಲು ಗಂಟೆ. ಅಲ್ಲಿಂದ ಸಾನ್ ಜಿಮಿನ್ಯಾನೊಗೆ ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿಂದ ಪೀಸಾಕ್ಕೆ ಒಂದೂಕಾಲು, ವಾಪಸ್ಸಿಗೆ ಮತ್ತೆ ಒಂದೂಕಾಲು. ಸೀಟಿನಲ್ಲೇ ಐದು ಗಂಟೆ ಹೋಯಿತು. ಊಟಕ್ಕೆ ಒಂದೂವರೆ. ಉಳಿದದ್ದನ್ನು ಮೂರು ಊರಿಗೆ ಹಂಚಿ, ಅದರಲ್ಲೇ ಬಸ್ಸಿನಿಂದ ಊರಿಗೆ ಹೋಗಿ ಬರುವ ನಡಿಗೆಯನ್ನೂ ಕಳೆಯಿರಿ.

ನನ್ನ ಸಲಹೆ ಕೇಳಿದರೆ ಪೀಸಾ ಇಲ್ಲದ ಟೂರ್ ತಗೊಳ್ಳಿ. ಪೀಸಾ ಗುಡ್ಡದೂರೇ ಅಲ್ಲ, ಅದು ಬಯಲು. ಫ್ಲಾರೆನ್ಸಿನಿಂದ ಅಲ್ಲಿಗೆ ನೇರ ರೈಲಿದೆ, ಒಂದು ಗಂಟೆಯ ಹಾದಿ. ಇನ್ನೊಂದು ದಿನ ಆರಾಮಾಗಿ ಹೋಗಬಹುದು. ವಾಲುವ ಗೋಪುರವನ್ನು ಕೈಯಲ್ಲಿ ತಳ್ಳುವ ಫೋಟೊ ಬೇಕೇಬೇಕು, ಇರುವುದು ಒಂದೇ ದಿನ ಅಂದರೆ ಆ ಮಾತು ಬೇರೆ. ಪೀಸಾ ಬದಲು ಮೊಂತೆರಿಜ್ಜೋನಿ ಎಂಬ ಪುಟ್ಟ ಕೋಟೆಯೂರು ಇರುವ ಟೂರ್ ಸಿಕ್ಕಿದರೆ ಬಿಡಬೇಡಿ.

ದುಡ್ಡು ಕಟ್ಟುವ ಮುಂಚೆ ಇನ್ನೂ ಮೂರು ವಿಷಯ ಕೇಳಿ. ಸಿಯೆನಾ ಕ್ಯಾಥೆಡ್ರಲ್‌ನ ಟಿಕೆಟ್ ಸೇರಿದೆಯಾ, ಹೊರಗಿನಿಂದ ತೋರಿಸಿ ಕರೆತರುತ್ತಾರಾ? ಊಟದಲ್ಲಿ ಸಸ್ಯಾಹಾರ ಅಂದರೆ ಏನು ಕೊಡುತ್ತಾರೆ? ಸಿಯೆನಾದಲ್ಲಿ ಸ್ಥಳೀಯ ಗೈಡ್ ಇದ್ದಾರಾ? ಮೂರನೆಯದಕ್ಕೆ ಕಾರಣವಿದೆ. ಬಸ್ಸಿನಲ್ಲಿ ಮೈಕ್ ಹಿಡಿದು ಬರುವವರು ನಮ್ಮನ್ನು ಕರೆದೊಯ್ಯುವ ಟೂರ್ ಲೀಡರ್. ಊರೊಳಗೆ ನಿಂತು ವಿವರಿಸುವುದು ಲೈಸೆನ್ಸ್ ಇರುವ ಗೈಡ್‌ಗಳ ಕೆಲಸ. ಇಟಲಿಯಲ್ಲಿ ಇವೆರಡೂ ಬೇರೆ ಬೇರೆ ಕಸುಬು. ಅಗ್ಗದ ಟೂರಿನಲ್ಲಿ ಎರಡನೆಯವರು ಇರುವುದೇ ಇಲ್ಲ. "ಇಲ್ಲಿಂದ ಫ್ರೀ ಟೈಮ್" ಅಂತ ಬಿಟ್ಟುಬಿಡುತ್ತಾರೆ.

ಯಾವ ತಿಂಗಳು? ಏಪ್ರಿಲ್‌ನಿಂದ ಜೂನ್ ಶುರುವಿನವರೆಗೆ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ. ಅದನ್ನು ನೋಡಲೆಂದೇ ಹೋಗುವವರು ಹೋಗಲಿ, ಉಳಿದವರು ಆ ಎರಡು ದಿನ ತಪ್ಪಿಸಿ.

2. ಹಿಂದಿನ ರಾತ್ರಿ

ಹೊಸ ಶೂ ಹಾಕಬೇಡಿ. ಇಲ್ಲಿನ ಬೀದಿಗಳಿಗೆ ಹಾಸಿದ ಕಲ್ಲು ನೂರಾರು ವರ್ಷದ ಹೆಜ್ಜೆಗೆ ನುಣುಪಾಗಿದೆ. ಒಂದು ಹನಿ ಮಳೆ ಬಿದ್ದರೆ ಪಾಚಿ ಕಟ್ಟಿದ ಕೆರೆ ಮೆಟ್ಟಿಲು ಇದ್ದಂತೆ. ಹಿಡಿತವಿರುವ ಹಳೆಯ ಶೂ ಬೇಕು.

ಚರ್ಚುಗಳಲ್ಲಿ ಭುಜ ಮತ್ತು ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ಚಿಂತೆಯಿಲ್ಲ. ಚಡ್ಡಿ ಹಾಕುವ ಹುಡುಗರು, ತೋಳಿಲ್ಲದ ಟಾಪ್ ಹಾಕುವ ಹುಡುಗಿಯರು ಚೀಲದಲ್ಲಿ ಒಂದು ಶಾಲು ಇಟ್ಟುಕೊಳ್ಳಲಿ. ಜೊತೆಗೆ ನೀರಿನ ಬಾಟಲಿ, ಟೋಪಿ, ಫೋನಿಗೆ ಪವರ್ ಬ್ಯಾಂಕ್, ಶೌಚಾಲಯಕ್ಕೆ ಅರ್ಧ ಯೂರೊ, ಒಂದು ಯೂರೊ ನಾಣ್ಯಗಳು. ಊರಿನ ನಲ್ಲಿಯಲ್ಲಿ ಬಾಟಲಿ ತುಂಬಿಕೊಳ್ಳಬಹುದು, ಆದರೆ ಪಕ್ಕದಲ್ಲಿ "ನೊನ್ ಪೊತಾಬಿಲೆ" ಅಂತ ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಬಸ್ಸಿನಲ್ಲಿ ವಾಕರಿಕೆ ಬರುವವರು ಮಾತ್ರೆ ಇಟ್ಟುಕೊಳ್ಳಿ. ಹೆದ್ದಾರಿ ಸಮವಾಗಿದೆ, ಕಿಯಾಂತಿಯ ಒಳರಸ್ತೆಗಳಲ್ಲಿ ಮಾತ್ರ ತಿರುವು. ಚಾರ್ಮಾಡಿ ಘಾಟಿ ಹತ್ತಿದವರಿಗೆ ಅದೇನೂ ಅಲ್ಲ ಬಿಡಿ.

3. ಬೆಳಗ್ಗೆ, ಬಸ್ ಹತ್ತುವಾಗ

ಹೆಚ್ಚಿನ ಬಸ್ಸುಗಳು ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಆಸುಪಾಸಿನಿಂದ ಹೊರಡುತ್ತವೆ. ದೊಡ್ಡ ಬಸ್ಸುಗಳು ಊರೊಳಗೆ ಬರುವಂತಿಲ್ಲವಾದ್ದರಿಂದ ಕೆಲವು ನಿಲ್ದಾಣದ ಹಿಂಬದಿಯ ಪ್ಯಾತ್ಸಾಲೆ ಮೊಂತೆಲುಂಗೊದಲ್ಲಿ ನಿಲ್ಲುತ್ತವೆ. ನಿಮ್ಮ ಟಿಕೆಟಿನಲ್ಲಿ ಯಾವ ಹೆಸರಿದೆ ಅಂತ ಹಿಂದಿನ ಸಂಜೆಯೇ ನಡೆದು ನೋಡಿಕೊಂಡು ಬನ್ನಿ. ಒಂದೇ ಹೊತ್ತಿಗೆ ಹತ್ತಾರು ಬಸ್ಸು, ಬಣ್ಣಬಣ್ಣದ ಕೊಡೆ ಹಿಡಿದ ಹತ್ತಾರು ಗೈಡ್‌ಗಳು ಇರುತ್ತಾರೆ. ಜನಜಂಗುಳಿಯಲ್ಲಿ ಜೇಬುಗಳ್ಳರೂ ಇರುತ್ತಾರೆ. ಪರ್ಸು ಮುಂದಿನ ಜೇಬಿಗೆ.

ಹತ್ತಿದ ತಕ್ಷಣ ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ಸಂಜೆ ಪಾರ್ಕಿಂಗ್‌ನಲ್ಲಿ ಎಲ್ಲ ಬಸ್ಸೂ ಒಂದೇ ಥರ ಕಾಣುತ್ತವೆ. ಕುತ್ತಿಗೆಗೆ ಹಾಕಿಕೊಳ್ಳುವ ಚಿಕ್ಕ ರೇಡಿಯೊ, ಕಿವಿಗೆ ಇಯರ್‌ಫೋನ್ ಕೊಡುತ್ತಾರೆ. ಗೈಡ್ ಐವತ್ತು ಹೆಜ್ಜೆ ಮುಂದಿದ್ದರೂ ಮಾತು ಕಿವಿಯಲ್ಲೇ ಕೇಳುತ್ತದೆ. ಮಾತು ಕರಕರ ಅನ್ನತೊಡಗಿದರೆ ನೀವು ಹಿಂದೆ ಬಿದ್ದಿದ್ದೀರಿ ಅಂತ ಅರ್ಥ.

ಸಮಯದ ವಿಷಯದಲ್ಲಿ ಡ್ರೈವರ್ ಕರುಣೆ ತೋರಿಸುವುದಿಲ್ಲ. ಅವರು ಕೆಟ್ಟವರಲ್ಲ. ಯುರೋಪಿನ ಕಾನೂನಿನಂತೆ ಬಸ್ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತಗೊಳ್ಳಲೇಬೇಕು. ದಿನಕ್ಕೆ ಸಾಮಾನ್ಯವಾಗಿ ಓಡಿಸಬಹುದಾದದ್ದು ಒಂಬತ್ತು ಗಂಟೆ. ಎಲ್ಲವೂ ಬಸ್ಸಿನ ಯಂತ್ರದಲ್ಲಿ ದಾಖಲಾಗುತ್ತದೆ, ತಪ್ಪಿದರೆ ದಂಡ. ನೀವು ಐಸ್‌ಕ್ರೀಮ್ ಸಾಲಿನಲ್ಲಿ ಕಳೆದ ಹದಿನೈದು ನಿಮಿಷ ಅವರ ದಿನದ ಲೆಕ್ಕವನ್ನೇ ಕೆಡಿಸಬಹುದು.

ಸಿಯೆನಾಕ್ಕೆ ಹೋಗುವಾಗ ದಾರಿಯಲ್ಲಿ ಕಪ್ಪು ಹುಂಜದ ಗುರುತು ಕಾಣುತ್ತದೆ. ಅದು ಕಿಯಾಂತಿ ಕ್ಲಾಸಿಕೊ ವೈನಿನ ಮುದ್ರೆ. ಅದರ ಹಿಂದೊಂದು ಕಥೆಯಿದೆ. ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿ ಜಗಳ. ಬೆಳಗಿನ ಕೋಳಿ ಕೂಗಿದಾಗ ಎರಡೂ ಊರಿನಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಎದುರಾದ ಜಾಗವೇ ಗಡಿ ಅಂತ ಒಪ್ಪಂದವಾಯಿತಂತೆ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಡುರಾತ್ರಿಯೇ ಕೂಗಿತು! ಹಾಗಾಗಿ ಕಿಯಾಂತಿಯ ಹೆಚ್ಚು ಭಾಗ ಫ್ಲಾರೆನ್ಸಿನ ಪಾಲಾಯಿತು ಅಂತ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಜಗಳ ಮಾತ್ರ ನಿಜ. 1260ರಲ್ಲಿ ಮೊಂತಪೆರ್ತಿ ಎಂಬಲ್ಲಿ ಸಿಯೆನಾ ಫ್ಲಾರೆನ್ಸನ್ನು ಸೋಲಿಸಿತ್ತು. ಸಿಯೆನಾದವರು ಅದನ್ನು ಇವತ್ತಿಗೂ ಮರೆತಿಲ್ಲ.

4. ಸಿಯೆನಾ: ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ

ಬಹಳಷ್ಟು ಟೂರ್‌ಗಳು ಸಾನ್ ಡೊಮೆನಿಕೊ ಚರ್ಚ್ ಕಡೆಯಿಂದ ನಡಿಗೆ ಶುರುಮಾಡುತ್ತವೆ. ಒಳಗೆ ಸಂತ ಕತೆರೀನಾಳ ತಲೆಯನ್ನು ಕಾಪಿಟ್ಟಿದ್ದಾರೆ. 1347ರಲ್ಲಿ ಇದೇ ಊರಿನಲ್ಲಿ ಹುಟ್ಟಿ 33ನೇ ವಯಸ್ಸಿಗೆ ರೋಮ್‌ನಲ್ಲಿ ತೀರಿಕೊಂಡವಳು. ದೇಹ ರೋಮ್‌ನಲ್ಲಿದೆ, ತಲೆ ಇಲ್ಲಿದೆ. ಮಕ್ಕಳಿಗೆ ಮೊದಲೇ ಹೇಳಿಡಿ, ಕೆಲವರು ಹೆದರುತ್ತಾರೆ. ಹೊರಗೆ ಬಂದು ಕಣಿವೆಯ ಆಚೆ ನೋಡಿದರೆ ಕಪ್ಪು ಬಿಳಿ ಪಟ್ಟೆಯ ಕ್ಯಾಥೆಡ್ರಲ್ ಗುಡ್ಡದ ಮೇಲೆ ನಿಂತಿರುತ್ತದೆ. ಫೋಟೊಗೆ ಇದು ಒಳ್ಳೆಯ ಜಾಗ.

ಅಲ್ಲಿಂದ ಪ್ಯಾತ್ಸಾ ದೆಲ್ ಕಾಂಪೊ ಚೌಕಕ್ಕೆ. ಚಿಪ್ಪಿನ ಆಕಾರದಲ್ಲಿ ಒಂದು ಬದಿಗೆ ಇಳಿಜಾರಾಗಿರುವ ಅಂಗಳ. ಕೆಂಪು ಇಟ್ಟಿಗೆಯ ನೆಲವನ್ನು ಬಿಳಿ ಗೆರೆಗಳು ಒಂಬತ್ತು ಪಾಲು ಮಾಡಿವೆ. 1287ರಿಂದ 1355ರವರೆಗೆ ಊರನ್ನು ಆಳಿದ ಒಂಬತ್ತು ಜನರ ಆಡಳಿತ ಮಂಡಳಿಯ ನೆನಪು ಅದು. ಎದುರಿಗೆ ಊರಿನ ಸರ್ಕಾರಿ ಅರಮನೆ, ಪಕ್ಕದಲ್ಲಿ ಮಾಂಜಾ ಗೋಪುರ. ಅದಕ್ಕೆ ಸುಮಾರು 400 ಮೆಟ್ಟಿಲು, ಒಂದು ಸಲಕ್ಕೆ ಸ್ವಲ್ಪ ಜನರನ್ನು ಮಾತ್ರ ಬಿಡುತ್ತಾರೆ. ಟೂರಿನಲ್ಲಿ ಬಂದವರು ಇದರ ಆಸೆ ಬಿಡಿ. ಅದರ ಬದಲು ಇಟ್ಟಿಗೆ ನೆಲದ ಮೇಲೆ ಸುಮ್ನೆ ಹತ್ತು ನಿಮಿಷ ಕೂತುಕೊಳ್ಳಿ. ಎಲ್ಲರೂ ಕೂರುತ್ತಾರೆ. ನಮ್ಮ ಅತ್ತೆ ಕಾಲು ಚಾಚಿ ಕೂತು, "ಈ ಊರಲ್ಲಿ ಬುದ್ಧಿವಂತರು ಕಟ್ಟಿದ್ದು ಇದೊಂದೇ" ಅಂದರು. ಸುತ್ತಲಿನ ಹೋಟೆಲುಗಳಲ್ಲಿ ಕೂತರೆ ಕಾಫಿಗಿಂತ ಕುರ್ಚಿಗೇ ಜಾಸ್ತಿ ದುಡ್ಡು. ಪಕ್ಕದ ಗಲ್ಲಿಯ ಬಾರ್‌ನಲ್ಲಿ, ಅಂದರೆ ಅಲ್ಲಿನ ಕಾಫಿ ಅಂಗಡಿಯಲ್ಲಿ, ಕೌಂಟರ್ ಮುಂದೆ ನಿಂತು ಕುಡಿಯಿರಿ.

ಪಾಲಿಯೊ ನಡೆಯುವುದು ಇದೇ ಅಂಗಳದಲ್ಲಿ. ಸುತ್ತಲೂ ಮಣ್ಣು ಹಾಸುತ್ತಾರೆ. ತಡಿ ಇಲ್ಲದ ಕುದುರೆ ಮೇಲೆ ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆಲುವು ಕುದುರೆಯದೇ. ಊರಿನಲ್ಲಿ 17 ಕೇರಿಗಳಿವೆ, ಕೊಂತ್ರಾದಾ ಅನ್ನುತ್ತಾರೆ. ಒಂದು ಓಟಕ್ಕೆ ಹತ್ತು ಕೇರಿ ಮಾತ್ರ. ಬಹಳ ಹಳೆಯ ಬ್ಯಾಂಕೊಂದು ಇರುವುದೂ ಇದೇ ಊರಲ್ಲಿ. 1472ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಆದರೆ ಊರಿನವರ ನಿಷ್ಠೆ ಎಲ್ಲ ಕೇರಿಗೇ. ಗೋಡೆಗಳ ಮೇಲೆ ಪ್ರತಿ ಕೇರಿಯ ಗುರುತು ಕಾಣುತ್ತದೆ: ಬಸವನಹುಳು, ಆಮೆ, ಗೂಬೆ, ಹೆಬ್ಬಾತು, ಕಂಬಳಿಹುಳು. ಜೊತೆಗೆ ಮಕ್ಕಳಿದ್ದರೆ ಎಷ್ಟು ಪ್ರಾಣಿ ಸಿಗುತ್ತವೆ ಎಣಿಸು ಅನ್ನಿ. ಏರು ಹತ್ತಿದ್ದೇ ಗೊತ್ತಾಗುವುದಿಲ್ಲ.

ಕ್ಯಾಥೆಡ್ರಲ್ ಒಳಗೆ ಹೋದರೆ ಎಲ್ಲರೂ ಮೇಲೆ ನೋಡುತ್ತಾರೆ. ನೀವು ಕೆಳಗೆ ನೋಡಿ. ನೆಲದಲ್ಲಿ ಅಮೃತಶಿಲೆ ಕೊರೆದು ಕೂರಿಸಿದ 56 ಚಿತ್ರಗಳಿವೆ. ಹಾಳಾಗಬಾರದು ಅಂತ ವರ್ಷದ ಹೆಚ್ಚಿನ ಕಾಲ ಬಹುಪಾಲು ಚಿತ್ರಗಳನ್ನು ಮುಚ್ಚಿರುತ್ತಾರೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಸಾಮಾನ್ಯವಾಗಿ ತೆರೆದಿರುತ್ತವೆ. ಹೊರಗೆ ಬಂದಾಗ ಪಕ್ಕದಲ್ಲಿ ಒಂದು ಒಂಟಿ ಗೋಡೆ ಆಕಾಶಕ್ಕೆ ನಿಂತಿರುತ್ತದೆ. ಇರುವ ಚರ್ಚ್ ಸಾಲದು, ಇದನ್ನೇ ಅಡ್ಡಭಾಗ ಮಾಡಿ ಇನ್ನೂ ದೊಡ್ಡದು ಕಟ್ಟೋಣ ಅಂತ ಹೊರಟಿದ್ದರು. 1348ರಲ್ಲಿ ಪ್ಲೇಗು ಬಂತು. ಊರಿನ ಅರ್ಧದಷ್ಟು ಜನ ಹೋದರು. ಕೆಲಸ ಅಲ್ಲಿಗೇ ನಿಂತಿತು. ಆ ವರ್ಷವನ್ನು ನೆನಪಿಡಿ, ಮುಂದಿನ ಊರಿನಲ್ಲಿ ಮತ್ತೆ ಬರುತ್ತದೆ.

5. ಊಟ

ದ್ರಾಕ್ಷಿ ತೋಟದ ಊಟದಲ್ಲಿ ವೈನ್ ರುಚಿ ನೋಡುವುದೂ ಸೇರಿರುತ್ತದೆ. ಕುಡಿಯದವರು ಸಂಕೋಚಪಡಬೇಕಿಲ್ಲ, "ನೋ, ಗ್ರಾತ್ಸಿಯೆ" ಅಂದರೆ ಸಾಕು. ಹೆಚ್ಚಿನ ಕಡೆ ಆಲಿವ್ ಎಣ್ಣೆಯನ್ನೂ ರುಚಿಗೆ ಕೊಡುತ್ತಾರೆ. ಗಂಟಲಲ್ಲಿ ಮೆಣಸಿನ ಹಾಗೆ ಚುರ್ ಅಂದರೆ ಅದು ಒಳ್ಳೆಯ ತಾಜಾ ಎಣ್ಣೆ.

ಸಸ್ಯಾಹಾರಿಗಳು ಟೂರ್ ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು. "ವೆಜಿಟೇರಿಯನ್" ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರೂ ಇದ್ದಾರೆ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ", ಅಂದರೆ ಮಾಂಸ ಬೇಡ, ಮೀನು ಬೇಡ ಅಂತ ಬಿಡಿಸಿ ಹೇಳಿ. ಮೊಟ್ಟೆ ತಿನ್ನದವರು "ಸೆಂತ್ಸಾ ಉಓವಾ" ಅಂತ ಸೇರಿಸಿ, ಯಾಕೆಂದರೆ ಇಲ್ಲಿನ ತಾಜಾ ಪಾಸ್ತಾಗೆ ಮೊಟ್ಟೆ ಹಾಕುವುದು ಮಾಮೂಲು. ಸಿಯೆನಾ ಸೀಮೆಯ ಪೀಚಿ ಎಂಬ ದಪ್ಪ ಶಾವಿಗೆಯಂಥ ಪಾಸ್ತಾ ನಮಗೆ ವಾಸಿ. ಸಾಂಪ್ರದಾಯಿಕವಾಗಿ ಅದು ಬರೀ ಹಿಟ್ಟು, ನೀರು. ಆದರೂ ಮೊಟ್ಟೆ ಹಾಕಿದ್ದಾರಾ ಅಂತ ಒಂದು ಮಾತು ಕೇಳಿ. ಬೆಳ್ಳುಳ್ಳಿ ಟೊಮೆಟೊ ಸಾರಿನಲ್ಲಿ ಬರುವುದು "ಪೀಚಿ ಆಲ್ಯೋನೆ". ರಿಬೊಲ್ಲೀತಾ ಅಂತ ಇನ್ನೊಂದಿದೆ. ಹಳೆ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಎಲೆಕೋಸು ಹಾಕಿ ಕುದಿಸಿ, ಮರುದಿನ ಮತ್ತೆ ಕುದಿಸಿ ಉಣ್ಣುವ ಗಟ್ಟಿ ಸೂಪು. ಬಸ್ಸಾರಿನ ಹಾಗೆ ಎರಡನೇ ದಿನವೇ ರುಚಿ ಜಾಸ್ತಿ. ತೀರಾ ಕಟ್ಟುನಿಟ್ಟಿನವರಿಗೆ ಒಂದು ಮಾತು: ಪೆಕೊರೀನೊ, ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಕರು ಅಥವಾ ಕುರಿಮರಿಯ ಹೊಟ್ಟೆಯ ಅಂಶ ಬಳಸುತ್ತಾರೆ. ಬ್ರೆಡ್ಡಿನಲ್ಲಿ ಉಪ್ಪಿಲ್ಲ ಅಂತ ಗಾಬರಿಯಾಗಬೇಡಿ, ಟಸ್ಕನಿಯಲ್ಲಿ ಹಾಗೇ. ಉಪ್ಪಿನಕಾಯಿ ಪೊಟ್ಟಣ ಚೀಲದಲ್ಲಿದ್ದರೆ ಈಗ ತೆಗೆಯಬಹುದು. ನಾವು ತೆಗೆದೆವು. ಎದುರಿಗೆ ಕೂತಿದ್ದ ಯಾರೋ ಅಪರಿಚಿತರೂ ಹಾಕಿಸಿಕೊಂಡರು.

ಊಟ ಟೂರಿನಲ್ಲಿ ಸೇರಿಲ್ಲದಿದ್ದರೆ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಮುಗಿಸಿಕೊಳ್ಳಿ. ಆಮೇಲೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತದೆ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೊಂದಿಷ್ಟು ಸೇರಿಸಿದ್ದರೆ ಜಗಳಕ್ಕೆ ಹೋಗಬೇಡಿ, ಅದು ಎಲೆ ಹಾಕಿ ಬ್ರೆಡ್ಡು ಇಟ್ಟದ್ದರ ಶುಲ್ಕ.

6. ಮೊಂತೆರಿಜ್ಜೋನಿ, ಅರ್ಧ ಗಂಟೆ ಸಾಕು

1213ರ ಸುಮಾರಿಗೆ ಸಿಯೆನಾದವರು ಫ್ಲಾರೆನ್ಸಿನ ಮೇಲೆ ಕಣ್ಣಿಡಲು ಕಟ್ಟಿದ ಕಾವಲು ಕೋಟೆ. ಗೋಡೆಯ ಸುತ್ತಳತೆ 570 ಮೀಟರ್, 14 ಬುರುಜು. ಒಂದು ಬಾಗಿಲಿನಿಂದ ಒಳಹೋಗಿ ಇನ್ನೊಂದರಿಂದ ಹೊರಬರಲು ಐದು ನಿಮಿಷ. ನರಕದಲ್ಲಿ ನಿಂತ ದೈತ್ಯರನ್ನು ಕವಿ ದಾಂತೆ ಈ ಬುರುಜುಗಳಿಗೆ ಹೋಲಿಸಿದ್ದಾನೆ. ಗೋಡೆ ಹತ್ತುವುದಕ್ಕೆ ಬೇರೆ ಟಿಕೆಟ್. ಮಂಡಿ ನೋವಿನವರು ಚೌಕದಲ್ಲಿ ಕೂತಿರಲಿ, ಕಳೆದುಕೊಳ್ಳುವುದು ಏನಿಲ್ಲ.

7. ಸಾನ್ ಜಿಮಿನ್ಯಾನೊ: ಮೊದಲು ಮೇಲಕ್ಕೆ, ಅಂಗಡಿ ಆಮೇಲೆ

ದೂರದಿಂದಲೇ ಗೋಪುರಗಳ ಸಾಲು ಕಾಣುತ್ತದೆ. ಬಸ್ಸಿನಲ್ಲಿ ಎಲ್ಲರೂ ಫೋನ್ ಎತ್ತುತ್ತಾರೆ. ಈ ಊರು ವಿಯಾ ಫ್ರಾಂಚಿಜೆನಾ ಎಂಬ ಯಾತ್ರಾಮಾರ್ಗದ ಮೇಲಿತ್ತು, ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ವರೆಗೆ ಬರುವ ದಾರಿ. ಯಾತ್ರಿಕರಿಂದ, ಕೇಸರಿ ವ್ಯಾಪಾರದಿಂದ ದುಡ್ಡು ಬಂತು. ದುಡ್ಡು ಬಂದ ಮನೆತನಗಳು ನಾನೋ ನೀನೋ ಅಂತ ಗೋಪುರ ಕಟ್ಟಿದವು. ಒಂದು ಕಾಲಕ್ಕೆ 72 ಇದ್ದವಂತೆ. ಈಗ ಉಳಿದದ್ದು 14. ಅವೂ ಯಾಕೆ ಉಳಿದವು ಗೊತ್ತಾ? 1348ರ ಅದೇ ಪ್ಲೇಗು ಇಲ್ಲಿಗೂ ಬಂತು. ಕೆಲವೇ ವರ್ಷಗಳಲ್ಲಿ ಊರು ಫ್ಲಾರೆನ್ಸಿನ ಕೈಗೆ ಹೋಯಿತು, ಯಾತ್ರಿಕರ ದಾರಿಯೂ ಬೇರೆಯಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ದುಡ್ಡೇ ಇರಲಿಲ್ಲ. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಆ ಬಡತನ ಉಳಿಸಿಕೊಟ್ಟ ಊರು.

ಬಸ್ಸು ಇಳಿಸುವುದು ಕೆಳಗೆ, ಪೊರ್ತಾ ಸಾನ್ ಜೊವಾನ್ನಿ ಬಾಗಿಲಿನ ಹೊರಗೆ. ಅಲ್ಲಿಂದ ಚೌಕದವರೆಗೆ ಒಂದೇ ಏರು ಬೀದಿ, ಎರಡೂ ಕಡೆ ಅಂಗಡಿ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಹತ್ತುವಾಗಲೇ ಅಂಗಡಿಗೆ ನುಗ್ಗಿದರೆ ಮೇಲೆ ಮುಟ್ಟುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತು. ನೇರ ಮೇಲಕ್ಕೆ ಹೋಗಿ. ನಡುವೆ ಬಾವಿ ಇರುವ ಪ್ಯಾತ್ಸಾ ದೆಲ್ಲಾ ಚಿಸ್ತೆರ್ನಾ ನೋಡಿ, ಪಕ್ಕದ ಚೌಕದಲ್ಲಿ 54 ಮೀಟರ್ ಎತ್ತರದ ತೊರ್ರೆ ಗ್ರೊಸ್ಸಾ ಗೋಪುರಕ್ಕೆ ಟಿಕೆಟ್ ತಗೊಳ್ಳಿ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಹೆಚ್ಚಿನವು ಕಬ್ಬಿಣದವು. ಸಿಯೆನಾದ ಗೋಪುರ ಬಿಡಿ ಅಂದವಳು ಇದನ್ನು ಹತ್ತಿ ಅನ್ನುತ್ತಿದ್ದೇನೆ, ಯಾಕೆಂದರೆ ಇದು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಮೇಲಿನಿಂದ ಉಳಿದ ಗೋಪುರಗಳೂ ದ್ರಾಕ್ಷಿ ತೋಟಗಳೂ ಒಟ್ಟಿಗೆ ಕಾಣುತ್ತವೆ. ಹತ್ತದವರು ಬಾವಿಕಟ್ಟೆಯ ಮೆಟ್ಟಿಲ ಮೇಲೆ ಜೆಲಾಟೊ ಹಿಡಿದು ಕಾಯಬಹುದು.

ಇಳಿಯುವಾಗ ಅಂಗಡಿಗೆ ಹೊತ್ತು ಎಷ್ಟಿದೆಯೋ ಅಷ್ಟೇ. ಕೊಳ್ಳುವುದಿದ್ದರೆ ಇಲ್ಲಿ ಬೆಳೆದ ಕೇಸರಿಯ ಚಿಕ್ಕ ಪೊಟ್ಟಣ ಕೊಳ್ಳಿ, ಹಗುರ, ಊರಿಗೆ ಒಯ್ಯಲು ಸುಲಭ. ಇಳಿಜಾರಿನಲ್ಲಿ ಮಂಡಿಗೆ ಹತ್ತುವಾಗಿನದಕ್ಕಿಂತ ಜಾಸ್ತಿ ಪೆಟ್ಟು. ಬಸ್ಸಿನ ಸಮಯಕ್ಕೆ ಇಪ್ಪತ್ತು ನಿಮಿಷ ಮೊದಲೇ ಇಳಿಯಲು ಶುರುಮಾಡಿ.

8. ಟೂರ್ ಬೇಡ ಅನ್ನುವವರಿಗೆ

ಸಿಯೆನಾ ಒಂದೇ ಸಾಕಾದರೆ ಫ್ಲಾರೆನ್ಸಿನಿಂದ 131ನೇ ನಂಬರಿನ ಸರ್ಕಾರಿ ಮಾರ್ಗದ ವೇಗದ ಬಸ್ಸಿದೆ, ಊರಿನ ನೆತ್ತಿಗೇ ಬಿಡುತ್ತದೆ. ರೈಲಿನಲ್ಲಿ ಹೋದರೆ ನಿಲ್ದಾಣ ಕೆಳಗೆ, ಆದರೆ ಮೇಲೆ ಹೋಗಲು ಎಸ್ಕಲೇಟರ್‌ಗಳ ಸಾಲೇ ಇದೆ. ಸಾನ್ ಜಿಮಿನ್ಯಾನೊಗೆ ರೈಲಿಲ್ಲ. ಪೊಜ್ಜಿಬೊನ್ಸಿಯಲ್ಲಿ ಇಳಿದು 130ನೇ ಬಸ್ ಹಿಡಿಯಬೇಕು. ಎರಡೂ ಊರನ್ನು ಒಂದೇ ದಿನ ಹೀಗೆ ಮಾಡಲು ಹೊರಟರೆ ನಿಲ್ದಾಣಗಳ ಪರಿಚಯ ಚೆನ್ನಾಗಿ ಆಗುತ್ತದೆ. ಭಾನುವಾರ ಬಸ್ಸು ಕಡಿಮೆ. ಬಾಡಿಗೆ ಕಾರಿನವರು ಹಳೆ ಊರಿನೊಳಗೆ ನುಗ್ಗಬೇಡಿ. ಹೊರಗಿನ ವಾಹನ ನಿಷೇಧಿಸಿದ ಗಡಿಯಲ್ಲಿ ಕ್ಯಾಮೆರಾ ಇರುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ.

9. ವಾಪಸ್

ಬಸ್ಸು ಏಳು, ಎಂಟರ ಹೊತ್ತಿಗೆ ಫ್ಲಾರೆನ್ಸ್ ಮುಟ್ಟುತ್ತದೆ. ಊರ ಹೊರಗೆ ಟ್ರಾಫಿಕ್ ಸಿಕ್ಕಿದರೆ ಇನ್ನೂ ತಡ. ಅದೇ ರಾತ್ರಿಗೆ ರೋಮ್ ರೈಲು ಬುಕ್ ಮಾಡುವ ಧೈರ್ಯ ಬೇಡ. ಟಿಪ್ಸ್ ಕಡ್ಡಾಯವಲ್ಲ, ಗೈಡ್ ಚೆನ್ನಾಗಿ ನೋಡಿಕೊಂಡಿದ್ದರೆ ಕೆಲವು ಯೂರೊ ಕೊಡಬಹುದು.

ಇಳಿಯುವ ಮುಂಚೆ ಸೀಟಿನ ಕೆಳಗೆ ಒಮ್ಮೆ ನೋಡಿ, ಕುತ್ತಿಗೆಯ ರೇಡಿಯೊ ವಾಪಸ್ ಕೊಡಿ. ನಮ್ಮ ಅತ್ತೆ ಅದನ್ನು ಶಾಲಿನೊಳಗೆ ಹಾಕಿಕೊಂಡೇ ಹೋಟೆಲ್ ಮುಟ್ಟಿ ಮಲಗಿಬಿಟ್ಟಿದ್ದರು. ಮರುದಿನ ಬೆಳಗ್ಗೆ ಏಳು ಗಂಟೆಗೆ ನಾನು ಮತ್ತೆ ಅದೇ ಬಸ್ಸುಗಳ ನಡುವೆ, ಹಸಿರು ಕೊಡೆಯ ಗೈಡನ್ನು ಹುಡುಕುತ್ತ ಓಡಾಡುತ್ತಿದ್ದೆ.